ಎಂಕಪ್ಪನ ಹೆಸರಿನ ಅರವತ್ತೊಂದು ಸಾಲು

ನಾರಾಯಣಪೇಟೆ ಜಿಲ್ಲೆಯಾದ ವರ್ಷ ಊರಿನ ಬೋರ್ಡುಗಳಿಗೆಲ್ಲ ಹೊಸ ಬಣ್ಣ ಬಂತು. ನಮ್ಮ ನೇಕಾರರ ಸಂಘದ ಬೋರ್ಡಿನಲ್ಲಿದ್ದ ‘ಮಹಬೂಬನಗರ ಜಿಲ್ಲೆ’ಯನ್ನು ಅಳಿಸಿ ಹೊಸದನ್ನು ಬರೆದ ಪೇಂಟರ್, ಜಾಗ ಉಳಿಯಿತೆಂದು ಕೊನೆಗೊಂದು ನವಿಲನ್ನೂ ಕೂರಿಸಿ ಹೋದ. ಆ ನವಿಲಿನ ಕೆಳಗಿನ ಬಾಗಿಲು ದಾಟಿದರೆ ಎಡಗಡೆಯದು ನನ್ನ ಕೋಣೆ. ನೇಕಾರರು ಅದನ್ನು ನಕ್ಷಿಕೋಲಿ, ಎಂದರೆ ಚಿತ್ತಾರದ ಕೋಣೆ, ಎನ್ನುತ್ತಾರೆ.

ಕೋಲಿಯಲ್ಲಿ ಒಂದು ಸರ್ವರ್ ಇದೆ. ಹಳೆಯ ಟ್ರಂಕುಗಳಿಂದ ಹೊರಗೆ ತೆಗೆಸಿ, ಫೋಟೋ ಹಿಡಿದು ತುಂಬಿದ ನಾಲ್ಕು ಸಾವಿರ ಸೀರೆಗಳ ಅಂಚು, ಸೆರಗು, ಗೊತ್ತಿದ್ದಲ್ಲಿ ನೇದವರ ಹೆಸರು ಅದರೊಳಗಿವೆ. ‘ಕರಿ ಮೈ, ಸಾಸಿವೆ ಅಂಚು, ಎರಡು ಸಾಲು ಗುಡಿ’ ಎಂದು ಟೈಪು ಮಾಡಿದರೆ ಹೊಂದುವ ಚಿತ್ರಗಳು ಪರದೆಗೆ ಬರುತ್ತವೆ. ಬೇಕಾದುದನ್ನು ಆರಿಸಿದರೆ ಪ್ರಿಂಟು ತೆಗೆದು ಕೊಡುತ್ತೇನೆ.

ನಾನು ಮಕ್ತಲಿನ ಪಕ್ಕದ ಹಳ್ಳಿಯವಳು, ಹೆಸರು ಬಾಲಮ್ಮ. ನಮ್ಮದು ಬೀರಪ್ಪನ ಒಕ್ಕಲು, ಕುರಿ ಕಾಯುವ ಮನೆ. ಏಳನೆಯ ತರಗತಿ ಮುಗಿದ ಮೇಲೆ ಶಾಲೆಗೆ ಹೋಗಲಿಲ್ಲ. ಟೈಪು ಕಲಿತದ್ದು ಮಕ್ತಲ ಬಸ್‌ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ. ಕೋಲಿಗೆ ಬಂದ ನೇಕಾರರು ಮಾತಾಡುತ್ತಾರೆ, ನಾನು ಬೆರಳಾಡಿಸುತ್ತೇನೆ. ಈ ಏರ್ಪಾಟು ನನಗೆ ಹಿತವಾಗಿತ್ತು.

ಯಾವ ನೇಕಾರ ಯಾವ ಅಂಚು ಕೇಳಿದ ಎನ್ನುವುದು ಸಣ್ಣ ವಿಷಯವಲ್ಲ. ದಸರೆಗೆ ಅವನು ಏನು ನೇಯಲಿದ್ದಾನೆ ಎಂಬುದು ಅದರಲ್ಲೇ ತಿಳಿದುಹೋಗುತ್ತದೆ. ಸೀರೆ ಮಗ್ಗದಿಂದ ಇಳಿಯುವ ತನಕ ಅವರು ಬೀಗರಿಗೂ ಅದನ್ನು ಹೇಳುವುದಿಲ್ಲ. ಹೀಗಿರುವಾಗ ಆ ಬೇಸಗೆಯಲ್ಲಿ ಮೂರು ಅಂಚುಗಳು, ನೇದ ಸೀರೆ ಇಳಿಯುವ ಮೊದಲೇ, ಯಂತ್ರದ ಪ್ರಿಂಟ್ ಸೀರೆಗಳ ಮೇಲೆ ಅಂಗಡಿಗೆ ಬಂದುಬಿಟ್ಟವು.

ಸಂಘದ ಅಧ್ಯಕ್ಷರು ಮಾರ್ಕಂಡೇಯ. ಕೂತು ಮಾತಾಡಿದರೂ ವೇದಿಕೆಯ ಮೇಲೆ ನಿಂತಂತೆ ಕೇಳಿಸುವ ಮನುಷ್ಯ. “ಕೋಲಿಯಾಗ ಯಾರೋ ಬ್ಯಾರೆಯವರ ಕಣ್ಣು ಸೇರೈತಿ,” ಎಂದರು. “ಇನ್ನ ಮ್ಯಾಲ ಯಾರು ಏನು ಹುಡುಕಿದ್ರೂ ಪಕ್ಕಾ ದಾಖಲಾ ಆಗಬೇಕು. ಅಳಿಸಾಕ ಬರಬಾರದು, ತಿದ್ದಾಕ ಬರಬಾರದು. ನಾನು ಅಧ್ಯಕ್ಷ ಇದ್ರೂ ಅಷ್ಟೇ!”

ಆ ಕೊನೆಯ ಮಾತನ್ನು ಅವರು ಆಡಬಾರದಿತ್ತು.

ಕೆಲಸಕ್ಕೆ ಗದ್ವಾಲದಿಂದ ಝಾನ್ಸಿ ಬಂದಳು. ಸಂಘ ಸಂಸ್ಥೆಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವಳ ಕಸುಬು. ಬೆಳಿಗ್ಗೆ ಗದ್ವಾಲದಲ್ಲಿ ಬಸ್ಸು ಹತ್ತಿ, ಧರೂರು ದಾಟಿ, ಜೂರಾಲ ಅಣೆಕಟ್ಟೆಯ ಮೇಲೆ ಹಾದು ಮಕ್ತಲಿಗೆ ಬರುತ್ತಿದ್ದಳು. ಅಲ್ಲಿಂದ ನಾವಿಬ್ಬರೂ ಒಂದೇ ಬಸ್ಸು. ಮೊದಲ ದಿನ ನಮ್ಮ ಸೀರೆಗೆ ಎದುರಾಳಿಯಾದ ಗದ್ವಾಲ ಸೀರೆ ಉಟ್ಟುಕೊಂಡೇ ನಾರಾಯಣಪೇಟೆ ಸಂಘದೊಳಗೆ ಕಾಲಿಟ್ಟಳು. “ಏನಮ್ಮಾ, ಜಗಳಾಡಾಕ ಬಂದ್ಯೋ, ಕೆಲಸ ಮಾಡಾಕ ಬಂದ್ಯೋ?” ಎಂದರು ಅಧ್ಯಕ್ಷರು. “ಎರಡೂ ಮಾಡ್ತೀನಿ ಸಾರ್, ಮೊದಲು ಚಾ ಕುಡಸ್ರಿ,” ಎಂದಳು.

ನಾಲ್ಕು ದಿನ ಸರ್ವರಿನ ಮುಂದೆ ಕೂತಳು. ಐದನೆಯ ದಿನ ನನಗೆ ತೋರಿಸಿದಳು.

“ನೋಡು ಬಾಲಾ. ಯಾರು ಹುಡುಕಿದ್ರು, ಯಾವಾಗ, ಏನು, ಎಷ್ಟು ಸಿಕ್ಕವು. ನಾಕೂ ಕೂಡಿ ಒಂದು ಸಾಲು. ಪ್ರತಿ ಸಾಲಿನ್ಯಾಗೂ ಅದರ ಹಿಂದಿನ ಸಾಲಿನ ಗುರ್ತು ಇರ್ತದ. ನಡುವಿಂದು ಒಂದು ಕಿತ್ತರ ಮುಂದಿನವೆಲ್ಲ ಒದರ್ತಾವ.”

“ಕೋಳಿ ಗೂಡಿನ್ಯಾಗ ಕೈ ಹಾಕಿದಂಗ?”

“ಕರೆಕ್ಟ್. ಸಾಲು ಬರಿಯಾಕ ಜಾಗ ಇಲ್ಲ ಅಂದ್ರ ಹುಡುಕೋದೂ ನಿಲ್ತದ. ಬರೆದs ಹುಡುಕಬೇಕು, ಕದ್ದು ಹುಡುಕಾಕ ಬರಂಗಿಲ್ಲ.”

ನನಗೊಂದು ಅನುಮಾನ ಬಂತು. ಕೇಳಲೋ ಬೇಡವೋ ಎಂದು ಕೀಬೋರ್ಡ್ ಒರೆಸುತ್ತಿದ್ದೆ. ಅವಳೇ, “ಏನು, ಹೇಳು,” ಎಂದಳು.

“ಯಾರು ಏನು ನೇಯ್ತಾರ ಅನ್ನೋದೆಲ್ಲ ಈ ಪಟ್ಟಿಯಾಗs ಸಿಗತೈತಲ್ಲ. ಕಳ್ಳಗ ಇದೊಂದು ಸಿಕ್ಕರ ಸಾಕಲ್ಲ.”

ಝಾನ್ಸಿ ಕುರ್ಚಿ ತಿರುಗಿಸಿ ನನ್ನನ್ನು ನೋಡಿದಳು. “ಇದನ್ನ ನನ್ನ ಕಾಲೇಜಿನ್ಯಾಗ ಯಾರೂ ಕೇಳಲಿಲ್ಲ ನೋಡು,” ಎಂದಳು. ಅದಕ್ಕೂ ಅವಳು ದಾರಿ ಮಾಡಿದ್ದಳು. ಸಾಲುಗಳು ಯಾರಿಗೂ ಓದಲು ಬಾರದ ಅಕ್ಷರಗಳಾಗಿ ಕೂರುತ್ತವೆ. ತೆರೆಯಲು ಎರಡು ಪೆನ್‌ಡ್ರೈವ್ ಒಟ್ಟಿಗೆ ಚುಚ್ಚಬೇಕು. ಒಂದು ಅಧ್ಯಕ್ಷರ ಹತ್ತಿರ. ಇನ್ನೊಂದು ಸಂಘದ ಹಿರಿಯ ಸದಸ್ಯೆ ಪೋಚಮ್ಮನ ಹತ್ತಿರ. ಪೋಚಮ್ಮ ಅದನ್ನು ಎಲೆ ಅಡಿಕೆಯ ಚಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡಳು. “ಇಲ್ಲಿಂದ ಕದಿಯೋನು ಇನ್ನೂ ಹುಟ್ಟಿಲ್ಲ,” ಎಂದಳು. ಚಂಚಿ ಇದ್ದದ್ದು ಅವಳ ಸೊಂಟದಲ್ಲಿ.

ಉದ್ಘಾಟನೆಗೆಂದು ಅಧ್ಯಕ್ಷರೇ ಮೊದಲ ಹುಡುಕಾಟ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿ ಚಹಾಕ್ಕೆ ಎದ್ದರು. ಅವರು ಮಾತ್ರ ಕೂತಿದ್ದು, ಒಂದೊಂದೇ ಅಕ್ಷರ ಒತ್ತಿ ಇನ್ನೊಂದು ಹುಡುಕಾಟ ಮಾಡಿದ್ದನ್ನು ನಾನು ಬಾಗಿಲ ಹತ್ತಿರದಿಂದ ನೋಡಿದೆ. ಆಮೇಲೆ ಅವರು ಝಾನ್ಸಿಯ ಕಿವಿಯ ಹತ್ತಿರ ಬಾಗಿದರು.

“ಅಮ್ಮಾ, ಆ ಎರಡನೇ ಸಾಲು ತೆಗೀಬೇಕಿತ್ತು.”

“ತೆಗಿಯಾಕ ಬರಂಗಿಲ್ಲ ಸಾರ್.”

“ಅಧ್ಯಕ್ಷ ಹೇಳಿದ್ರೂ?”

“ಅಧ್ಯಕ್ಷ ಇದ್ರೂ ಅಷ್ಟೇ ಅಂತ ನೀವೇ ಹೇಳಿದ್ರಿ. ಅಂಥಾದ್ದೇನು ಹುಡುಕಿದ್ರಿ?”

“ಏನಿಲ್ಲ, ನನ್ನ ಹೆಸರು ಬರದು ನೋಡಿದೆ. ನಾಕು ಸಾವಿರದಾಗ ನಾ ನೇದದ್ದು ಒಂದಾದ್ರೂ…” ಗಂಟಲು ಸರಿಮಾಡಿಕೊಂಡರು. “ಸೊನ್ನೆ ಬಂತು.”

ಈ ಮಾತು ಇಲ್ಲಿಗೆ ಬಿಡೋಣ. ಎಂಕಪ್ಪನ ವಿಷಯ ಹೇಳಬೇಕು.

ಎಂಕಪ್ಪ ಧನ್ವಾಡದವನು, ಎಪ್ಪತ್ತು ದಾಟಿದವನು. ಹಿಂದೆ ಒಳ್ಳೆಯ ನೇಕಾರ. ಈಗ ಕೈ ನಡುಗುತ್ತದೆ. ಧನ್ವಾಡದ ನೇಕಾರರ ಓಣಿಯಲ್ಲಿ ಹನ್ನೊಂದು ಮಗ್ಗ. ಮಗ್ಗಕ್ಕೆ ಉದ್ದೆಳೆಗಳ ಹಾಸು ಏರಿಸಿ ಅದರ ಕುಣಿಯೊಳಗೆ ಕಾಲಿಟ್ಟ ನೇಕಾರ ಅದು ಮುಗಿಯುವ ತನಕ ಬಸ್ಸು ಹತ್ತುವುದಿಲ್ಲ. ದಿನ ಬಿಟ್ಟರೆ ದಾರದ ಬಿಗಿ ತಪ್ಪುತ್ತದೆ. ಹಾಗಾಗಿ ಪೇಟೆಗೆ ಹೋಗುವವನು ಒಬ್ಬನೇ, ಕೆಲಸ ಓಣಿಯದೆಲ್ಲ. ಎಂಕಪ್ಪನಿಗೆ ಓದು ಬರಹ ಬಾರದು. ನೇಕಾರರು ತಮ್ಮ ತಮ್ಮ ಮಗ್ಗದ ಒಂದೊಂದು ಎಳೆ ಕತ್ತರಿಸಿ ಅವನ ಕೊಡೆಯ ಕಡ್ಡಿಗೆ ಕಟ್ಟುತ್ತಿದ್ದರು. ಎಂಕಪ್ಪ ಕೋಲಿಗೆ ಬಂದು ಕೊಡೆ ಬಿಚ್ಚಿದರೆ ಒಳಗೆ ಐದಾರು ಬಣ್ಣದ ದಾರ ತೂಗುತ್ತಿದ್ದವು.

“ಬಾಲವ್ವಾ, ಈ ಬಣ್ಣಕ್ಕ ಹೊಂದೋ ಗುಡಿ ಅಂಚು ತೋರ್ಸು. ಇದಕ್ಕ ಸಣ್ಣ ಚೌಕಡಿ. ಇದಕ್ಕ, ತಡಿ, ಏನಂದಾ… ಹಾಂ, ರುದ್ರಾಕ್ಷಿ.”

ನಾನು ಹುಡುಕಿ ಪ್ರಿಂಟು ತೆಗೆದರೆ, ಅದನ್ನು ಸುರುಳಿ ಸುತ್ತಿ ಅದೇ ದಾರದಿಂದ ಕಟ್ಟಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಒಂದು ಸಲ, “ಇದು ಯಾರ್ದು ತಾತಾ?” ಎಂದು ಕೇಳಿದೆ. “ದಾರದ್ದು,” ಎಂದ. ಮತ್ತೆ ಕೇಳಲಿಲ್ಲ. ಅವನ ಸದಸ್ಯ ನಂಬರು ಮೂವತ್ತೆಂಟು. ಪ್ರತಿ ಸಲ ಮೂವತ್ತೆಂಟು ಒತ್ತಿ ಹುಡುಕುತ್ತಿದ್ದೆ. ಅದರಲ್ಲಿ ತಪ್ಪಿದೆ ಎಂದು ನನಗೆ ತೋಚಲೇ ಇಲ್ಲ.

ಶ್ರಾವಣದ ಎರಡನೆಯ ವಾರ ಧನ್ವಾಡದ ವೀರಯ್ಯ ಸಂಘಕ್ಕೆ ನುಗ್ಗಿದ. ಹಾಸು ಮುಗಿಯದೆ ಮಗ್ಗ ಬಿಟ್ಟು ಬಂದಿದ್ದಾನೆಂದರೆ ದೊಡ್ಡ ವಿಷಯವೇ. ಕೈಯಲ್ಲಿ ಒಂದು ಪ್ರಿಂಟ್ ಸೀರೆ.

“ನೋಡ್ರಿ ಅಧ್ಯಕ್ಷರ! ನಮ್ಮ ಮುತ್ಯಾನ ಅಂಚು! ನಂದಿನ್ನೂ ಮಗ್ಗದ ಮ್ಯಾಲ ಐತಿ, ಅಂಗಡಿಯಾಗ ಆಗಲೇ ಬಂದೈತಿ!”

ಅವನ ಮುತ್ಯಾ, ಎಂದರೆ ಅಜ್ಜ, ನೇದ ಸೀರೆ ನಮ್ಮ ಸರ್ವರಿನಲ್ಲೂ ಇತ್ತು, ಸಾವಿರದ ನೂರ ಎಪ್ಪತ್ತೆರಡನೆಯದು. “ನೀವು ಅದನ್ನ ಕೋಲಿಯಾಗ ನೋಡಿದ್ರೇನು?” ಎಂದು ಅಧ್ಯಕ್ಷರು ಕೇಳಿದರು.

“ನಾನ್ಯಾಕ ನೋಡ್ಲಿ? ನಮ್ಮ ಮನೀ ಅಂಚು ನನ್ನ ತಲಿಯಾಗ ಐತಿ! ಚಿತ್ರ ನೋಡಿ ನೇಯೋ ಮಂದಿ ಅಲ್ಲ ನಾವು. ಮತ್ಯಾರು ನೋಡ್ಯಾರ, ಅದನ್ನ ತೆಗೀರಿ.”

ಪೋಚಮ್ಮ ಚಂಚಿ ಬಿಚ್ಚಿ ಪೆನ್‌ಡ್ರೈವಿನ ಸುಣ್ಣ ಒರೆಸಿ ಕೊಟ್ಟಳು. ಎರಡೂ ಕೀಲಿ ಚುಚ್ಚಿದರು. ಆ ದಿನ ಝಾನ್ಸಿಯೂ ಇದ್ದಳು. ಎರಡು ತಿಂಗಳಲ್ಲಿ ಆ ಅಂಚನ್ನು ನೋಡಿದ್ದು ಒಂದೇ ನಂಬರು, ಮೂವತ್ತೆಂಟು. ಅಷ್ಟೇ ಅಲ್ಲ. ಉಳಿದವರದು ಮೂರು, ನಾಲ್ಕು ಸಾಲುಗಳಿದ್ದರೆ ಮೂವತ್ತೆಂಟರದು ಅರವತ್ತೊಂದು.

“ಅರವತ್ತೊಂದು!” ಎಂದರು ಅಧ್ಯಕ್ಷರು. “ಮಗ್ಗs ಇಲ್ಲದ ಮುದುಕಗ ಅರವತ್ತೊಂದು ಅಂಚು ಯಾಕ ಬೇಕು?”

ಮರುದಿನ ಕೊಡೆ ಹಿಡಿದು ಬಂದ ಎಂಕಪ್ಪನನ್ನು ಕಟ್ಟೆಯ ಮೇಲೇ ನಿಲ್ಲಿಸಿ ಕೇಳಿದರು. ಅವನು ಎಲ್ಲವನ್ನೂ ಕೇಳಿಸಿಕೊಂಡ. “ನೋಡೀನಿ, ಹೌದು,” ಎಂದ.

“ಯಾರಿಗೆ ಕೊಟ್ಟಿ?”

“ಅದನ್ನ ಹೇಳಂಗಿಲ್ಲ.”

“ಹೇಳಲಿಲ್ಲಂದ್ರ ನಿನ್ನ ಹೆಸರು ಹೋಗತೈತಿ, ಎಂಕಪ್ಪಾ.”

“ನಂಬಿ ದಾರ ಕಟ್ಯಾರ. ಯಾರು ಏನು ಕೇಳ್ಯಾರ ಅಂತ ಹೇಳಿದ್ರ ಆಗ ಹೋಗತೈತಿ ನನ್ನ ಹೆಸರು,” ಎಂದ. ಸದಸ್ಯ ಕಾರ್ಡನ್ನು ತಾನೇ ಜೇಬಿನಿಂದ ತೆಗೆದು ಕಟ್ಟೆಯ ಮೇಲಿಟ್ಟ. ಮುಂದಿನ ಸೋಮವಾರದ ಸಭೆಯಲ್ಲಿ ಅವನ ನಂಬರನ್ನು ತೆಗೆದುಹಾಕುವುದೆಂದು ಆಯಿತು. ಎಂಕಪ್ಪ ಬಿಸಿಲಿನಲ್ಲಿ ಕೊಡೆ ಮಡಚಿಕೊಂಡೇ ನಡೆದುಹೋದ. ಬಿಚ್ಚಿದರೆ ದಾರ ಕಾಣುತ್ತವಲ್ಲ.

ಆ ಸಂಜೆ ಬಸ್ಸಿನಲ್ಲಿ ಝಾನ್ಸಿಗೆ ದಾರದ ವಿಷಯ ಹೇಳಿದೆ. ಹೇಳುವಷ್ಟರಲ್ಲಿ ಅರ್ಧ ದಾರಿ ಮುಗಿದಿತ್ತು.

“ಮೂವತ್ತೆಂಟು ಒತ್ತಿದೋಳು ನಾನs. ತಪ್ಪು ನಂದು.”

“ನಿಂದಲ್ಲ. ಯಾರು ಕೇಳಿದ್ರು ಅಂತ ಬರೆಸಿದೆ, ಯಾರ ಸಲುವಾಗಿ ಕೇಳಿದ್ರು ಅಂತ ಬರೆಸಲಿಲ್ಲ. ದೊಡ್ಡ ಆಫೀಸಿನ್ಯಾಗೂ ಇದನ್ನ ಮರಿತಾರ. ನಾನೂ ಮರತೆ.”

“ಈಗ ತಿದ್ದಾಕ ಬರಂಗಿಲ್ಲೇನು?”

“ಮುಂದಿನವಕ್ಕ ಹೊಸ ಖಾನಾ ಸೇರಸ್ತೀನಿ. ಹಳೇ ಅರವತ್ತೊಂದನ್ನ ಮುಟ್ಟಾಕ ಬರಂಗಿಲ್ಲ. ಅಷ್ಟು ಚಂದ ಕಟ್ಟೀನಿ,” ಎಂದು ಅವಳು ಹಣೆ ಬಡಿದುಕೊಂಡಳು. “ಯಾರಾರ ಬಾಯಿಂದ ಹೇಳಬೇಕು. ನಾ ಹೇಳಿದ್ರ, ತನ್ನ ಮಷಿನ್ ಉಳಿಸಿಕೊಳ್ಳಾಕ ಗದ್ವಾಲದಾಕಿ ಕತಿ ಕಟ್ಟತಾಳ ಅಂತಾರ. ನೀ ಹೇಳು.”

ಮಕ್ತಲ ಬರುವ ತನಕ ನಾನು ಕಿಟಕಿಯ ಆಚೆ ಹತ್ತಿ ಹೊಲ ನೋಡಿದೆ. ಐವತ್ತು ಮಂದಿಯ ಸಭೆ. ಎಂಕಪ್ಪನೇ ಹೇಳದೆ ಉಳಿದದ್ದನ್ನು ನಾನು ಹೇಳಿದರೂ, ಯಾರ ದಾರ ಯಾವುದೆಂದು ನನಗೇ ಗೊತ್ತಿಲ್ಲ.

ಮನೆಗೆ ಬಂದಾಗ ಅಪ್ಪ ಹಟ್ಟಿಯ ಬಾಯಲ್ಲಿ ನಿಂತಿದ್ದ. ಕುರಿಗಳು ಒಳಗೆ ಹೋಗುತ್ತಿದ್ದವು. ನಮ್ಮವರು ಕುರಿಗಳನ್ನು ಎಣಿಸುವುದಿಲ್ಲ. ಒಂದೊಂದರ ಮುಖ ಗೊತ್ತಿರುತ್ತದೆ. ಹೋಗುವಾಗ ನೋಡುತ್ತ ನಿಲ್ಲುತ್ತಾರೆ, ಬಾರದೆ ಇರುವುದರ ಮುಖ ತಾನಾಗಿ ನೆನಪಿಗೆ ಬರುತ್ತದೆ. “ಸೊಟ್ಟ ಕಿವೀದು ಬಂದಿಲ್ಲ,” ಎಂದು ಅಪ್ಪ ಹಿಂದಕ್ಕೆ ನಡೆದ.

ನಾನು ಅಲ್ಲೇ ಹಟ್ಟಿಯ ಮುಳ್ಳು ಬಾಗಿಲು ಹಿಡಿದು, ಪರದೆಯ ಮೇಲೆ ಕಂಡಿದ್ದ ಪಟ್ಟಿಯನ್ನು ಮನಸ್ಸಿನಲ್ಲಿ ಒಂದೊಂದೇ ಒಳಗೆ ಬಿಟ್ಟೆ. ನಾರಾಯಣಪೇಟೆಯವರು ಬಂದರು. ಮಕ್ತಲ ಕಡೆಯ ಇಬ್ಬರು ಬಂದರು. ಕೊಡಂಗಲ್ ದಾರಿಯವರು ಬಂದರು. ಧನ್ವಾಡದ ಓಣಿಯಿಂದ ಎಂಕಪ್ಪನ ಹೊರತು ಒಬ್ಬರೂ ಬರಲಿಲ್ಲ. ದಸರೆ ಎದುರಿಗಿರುವಾಗ ಹನ್ನೊಂದು ಮಗ್ಗದವರು ಎರಡು ತಿಂಗಳಲ್ಲಿ ಒಂದು ಸಲವೂ ಒಂದು ಅಂಚೂ ನೋಡಿಲ್ಲವೇ? ಆ ಬಾರದ ಹನ್ನೊಂದರಲ್ಲಿ ವೀರಯ್ಯನೂ ಒಬ್ಬ.

ಎಂಕಪ್ಪ ಹುಡುಕಿಸಿದ್ದು ಓಣಿಯವರಿಗಾಗಿ ಎಂದು ತೋರಿಸಲು ಇಷ್ಟು ಸಾಕಿತ್ತು. ಆದರೆ ಅಂಚು ಹೊರಗೆ ಹೋದದ್ದು ಹೇಗೆ? ಅದಕ್ಕೆ ಉತ್ತರ ಭಾನುವಾರ ಬೆಳಿಗ್ಗೆ ಫೋನಿನಲ್ಲಿ ತಾನಾಗಿ ಬಂತು.

ನಮ್ಮ ಸಂಘದ ಪಕ್ಕದ ಓಣಿಯಲ್ಲಿ ನೇಕಾರರದೊಂದು ಪುಟ್ಟ ಗುಡಿ ಇದೆ. ಹೊಸ ಹಾಸು ಏರಿಸಿದಾಗ ಮೊದಲು ನೇದ ಒಂದು ಗೇಣು ಬಟ್ಟೆಯನ್ನು ದೇವರಿಗೆ ಹೊದಿಸುವುದು ಅವರ ಪದ್ಧತಿ. ಧನ್ವಾಡದವರ ಗೇಣುಗಳನ್ನೂ ಎಂಕಪ್ಪನೇ ತಂದು ಪೂಜಾರಿಗೆ ಕೊಡುತ್ತಿದ್ದ. ಗುಡಿಯ ಹೆಸರಿನಲ್ಲಿ ಒಂದು ವಾಟ್ಸಪ್ ಗುಂಪಿದೆ. ದಿನಾ ಬೆಳಿಗ್ಗೆ ಅದರಲ್ಲಿ ಅಲಂಕಾರದ ಫೋಟೋ ಬರುತ್ತದೆ. ಹಾಕುವವರು ನಮ್ಮ ಅಧ್ಯಕ್ಷರು. ಸಂಘದಲ್ಲಿ ಕೆಲಸ ಮಾಡುವವರನ್ನೆಲ್ಲ, ಕೇಳಲಿ ಬಿಡಲಿ, ಅವರು ಅದಕ್ಕೆ ಸೇರಿಸಿದ್ದರು.

ಆ ಭಾನುವಾರ ದೇವರ ಹೆಗಲ ಮೇಲೆ ನೇರಳೆ ಬಣ್ಣದ ಒಂದು ಗೇಣು. ಅಂಚು ಎಷ್ಟು ಸ್ಪಷ್ಟವೆಂದರೆ ಎಳೆ ಎಣಿಸಬಹುದಿತ್ತು. ಹಳೆಯ ಫೋಟೋಗಳನ್ನೂ ನೋಡಬೇಕೆನಿಸಿತು. ಹಿಂದಕ್ಕೆ ಸರಿಸುತ್ತ ಹೋದೆ. ಇಪ್ಪತ್ತು ದಿನದ ಹಿಂದೆ ವೀರಯ್ಯನ ಮುತ್ಯಾನ ಅಂಚು. ಬೇಸಗೆಯ ತಿಂಗಳುಗಳಲ್ಲಿ ಆ ಮೊದಲಿನ ಮೂರೂ ಅಂಚುಗಳು. ಪ್ರತಿ ಫೋಟೋದ ಕೆಳಗೂ ಎಲ್ಲರಿಗಿಂತ ಮೊದಲು ಕೈ ಮುಗಿದು ಹೂ ಹಾಕಿದ್ದ ಭಕ್ತನೊಬ್ಬನಿದ್ದ. ಅವನ ಹೆಸರಿನ ಪಕ್ಕದ ಪುಟ್ಟ ಚಿತ್ರದಲ್ಲಿ ಪ್ರಿಂಟ್ ಸೀರೆಗಳ ರಾಶಿ.

ಸೋಮವಾರ ಸಭೆ. ಧನ್ವಾಡದ ಓಣಿಯವರೂ ಮಗ್ಗ ಬಿಟ್ಟು ಬಂದಿದ್ದರು. ಎಂಕಪ್ಪನ ವಿಷಯವಾದ್ದರಿಂದ ಬರದೆ ಇರಲಾಗಲಿಲ್ಲ. ಎಂಕಪ್ಪ ಹಿಂದಿನ ಗೋಡೆಗೆ ಒರಗಿ ಕೂತಿದ್ದ. ಪಟ್ಟಿಯನ್ನು ಗೋಡೆಯ ಮೇಲೆ ತೋರಿಸುವ ಕೆಲಸ ನನ್ನದು. ಯಾರು ಯಾವ ಅಂಚು ನೋಡಿದರೆಂಬುದನ್ನು ಝಾನ್ಸಿ ಮುಚ್ಚಿ, ನಂಬರು ಮತ್ತು ಹೆಸರನ್ನು ಮಾತ್ರ ಬಿಟ್ಟಿದ್ದಳು.

“ಈ ಹೆಸರು ನೋಡ್ರಿ, ಅರವತ್ತೊಂದು ಸಲ!” ಎಂದು ಅಧ್ಯಕ್ಷರು ಶುರುಮಾಡಿದರು. ಅವರ ಮಾತು ನಡೆಯುತ್ತಿರುವಾಗ ನಾನು ಪಕ್ಕದಲ್ಲಿ ಇನ್ನೊಂದು ಪಟ್ಟಿ ಬರೆಯತೊಡಗಿದೆ. ಧನ್ವಾಡದ ಸದಸ್ಯರ ಹೆಸರು ಒಂದರ ಕೆಳಗೊಂದು, ಪ್ರತಿಯೊಂದರ ಮುಂದೆ ಸೊನ್ನೆ. ಹನ್ನೊಂದು ಸೊನ್ನೆ ಆಯಿತು. ಮುಗಿಸಿ ಬೆರಳು ತೆಗೆದೆ. ಕೊನೆಯ ಸೊನ್ನೆಯ ಪಕ್ಕ ಗೆರೆ ಮಿನುಗುತ್ತಿತ್ತು.

ಅಧ್ಯಕ್ಷರು ತಿರುಗಿದರು. “ಏ ಹುಡುಗಿ, ಏನಿದು ಸೊನ್ನಿ ಸಾಲು?”

ಎದ್ದು ನಿಂತೆ. “ಇವರ್ಯಾರೂ ಎರಡು ತಿಂಗಳಿಂದ ಏನೂ ನೋಡಿಲ್ರಿ,” ಎಂದೆ. “ಆದ್ರ ಹನ್ನೊಂದು ಮಗ್ಗ ನಡದಾವು.”

ಮೊದಲು ಪೋಚಮ್ಮ ನಕ್ಕಳು. ಎಲೆ ಅಡಿಕೆ ತುಂಬಿದ ಬಾಯಿಗೆ ಸೆರಗು ಒತ್ತಿ, “ಏನ್ರೋ ಧನ್ವಾಡದೋರಾ, ಕಣ್ಣು ಮುಚ್ಚಿಕೊಂಡು ನೇಯ್ತೀರೇನು? ಹಂಗಾದ್ರ ನಮಗೂ ಕಲಸ್ರಿ!” ಎಂದಳು.

ಭೀಮಯ್ಯ ಎಂಬ ದಪ್ಪ ಮೀಸೆಯ ನೇಕಾರ ಎದ್ದ. “ತಾತ ಒಬ್ಬರ ಸಲುವಾಗಿ ಇನ್ನೊಬ್ಬರ ಮುಂದ ಬಾಯಿ ಬಿಡಾಂವಲ್ಲ. ನಂದು ನಾ ಹೇಳ್ತೀನಿ. ಆ ಅರವತ್ತೊಂದರಾಗ ಹನ್ನೆರಡು ನನ್ನವು. ಏನು ನೋಡಿದೆ ಅಂತ ಮಾತ್ರ ಕೇಳಬ್ಯಾಡ್ರಿ.”

“ಹನ್ನೆರಡಾ! ನನಗ ಎರಡು ಅಂತ ಹೇಳಿದ್ದಿ!” ಎಂದ ಪಕ್ಕದಲ್ಲಿದ್ದ ಅಂಜಯ್ಯ. “ಒಂಬತ್ತು ನನ್ನವು.”

“ನಾವು ಅಣ್ಣ ತಮ್ಮ ಕೂಡಿ ಹದಿನೈದು.”

“ನಂದು ಏಳು,” ಎಂದ ಕಿಷ್ಟಪ್ಪ. “ಎಂಟು ಇರಬೇಕು. ಇಲ್ಲ, ಏಳು.”

ನಾನು ಸೊನ್ನೆ ಅಳಿಸಿ ಅಳಿಸಿ ಬರೆಯುತ್ತಿದ್ದೆ. ಉಳಿದವರೂ ಒಬ್ಬೊಬ್ಬರೇ ಎದ್ದು ಹೇಳಿದರು. ಕೂಡಿಸಿದರೆ ಐವತ್ತೇಳು. ಧನ್ವಾಡದ ಪಟ್ಟಿಯಲ್ಲಿ ಒಂದೇ ಒಂದು ಸೊನ್ನೆ ಉಳಿದಿತ್ತು. ಇಡೀ ಸಭೆ ವೀರಯ್ಯನ ಕಡೆ ತಿರುಗಿತು.

ವೀರಯ್ಯ ಚಾವಣಿಯ ಫ್ಯಾನು ನೋಡಿದ. ಆಮೇಲೆ ತನ್ನ ಚಪ್ಪಲಿ ನೋಡಿದ.

“ನಾಕು ಉಳಿದಾವು, ವೀರಯ್ಯಾ,” ಎಂದಳು ಪೋಚಮ್ಮ. “ತಲಿಯಾಗ ಇರೋದು ಜಾರಿ ಎಂಕಪ್ಪನ ಕೊಡೆಗೆ ಬಿತ್ತೇನು?”

“ನಾಕಲ್ಲ,” ಎಂದ ವೀರಯ್ಯ ಮೆಲ್ಲಗೆ. “ಮೂರು. ಮುತ್ಯಾನ ಅಂಚು ಪೂರಾ ನೆನಪಿತ್ತು. ಒಂದು ಮೂಲಿ ಮಾತ್ರ… ರುದ್ರಾಕ್ಷಿ ಎಡಕೋ ಬಲಕೋ ಅಂತ.” ಅವನು ಹಿಂದಿನ ಗೋಡೆಯತ್ತ ನಡೆದು ಎಂಕಪ್ಪನ ಮುಂದೆ ಕೂತ. “ತಪ್ಪಾತು ಕಾಕಾ. ಆ ಪಟ್ಟಿಯಾಗ ನಿನ್ನ ಹೆಸರು ಕಂಡಾಗs ಬಾಯಿ ಬಿಡಬೇಕಿತ್ತು. ನಾಚಿಕಿ ಆತು.”

“ನೀ ಹೇಳಿದಿ, ನಾ ಹೇಳಲಿಲ್ಲ. ಅಷ್ಟು ಸಾಕು,” ಎಂದ ಎಂಕಪ್ಪ.

“ಇನ್ನೂ ಒಂದು ಉಳೀತಲ್ಲ!” ಎಂದು ಝಾನ್ಸಿ ಹಿಂದಿನಿಂದ ಕೂಗಿದಳು. “ಅರವತ್ತನೇದು ಆತು, ಅರವತ್ತೊಂದನೇದು ಯಾರ್ದು?”

ಧನ್ವಾಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ವೇದಿಕೆಯ ಮೇಲಿನಿಂದ ಕೆಮ್ಮು ಕೇಳಿಸಿತು.

“ಅದು ನಂದು,” ಎಂದರು ಅಧ್ಯಕ್ಷರು. ಅವರು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಎರಡನೆಯ ಸಲ. “ಮೊಮ್ಮಗಳ ಲಂಗಾ ದಾವಣಿಗೆ ಒಂದು ಅಂಚು ಬೇಕಿತ್ತು. ಉದ್ಘಾಟನಿ ದಿನ ನನ್ನ ಹೆಸರಿಗೆ ಸೊನ್ನಿ ಬಂದ ಮ್ಯಾಲ ನನ್ನ ನಂಬರಿನ್ಯಾಗ ಹುಡುಕಾಕ ಮುಖ ಇರಲಿಲ್ಲ. ಎಂಕಪ್ಪಗ ಒಂದು ದಾರ ಕೊಟ್ಟಿದ್ದೆ. ಒಂದs ಒಂದು, ಏನಾತು ಅಂತ ಮರತುಬಿಟ್ಟಿದ್ದೆ.”

ನಗು ಎಷ್ಟು ಹೊತ್ತು ನಡೆಯಿತೆಂದರೆ ಚಹಾ ತಂದವರು ಬಾಗಿಲಲ್ಲೇ ನಿಂತರು. ನಗು ನಿಂತ ಮೇಲೆ ಕಿಷ್ಟಪ್ಪ ಕೇಳಿದ. “ಅದೆಲ್ಲ ಆತು. ಅಂಚು ಹೊರಗ ಹೋಗಿದ್ದು ಹೆಂಗ?”

ಇದನ್ನು ಬಾಯಿಂದ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಗುಡಿಯ ಗುಂಪಿನ ನಾಲ್ಕು ಫೋಟೋಗಳನ್ನು ಗೋಡೆಯ ಮೇಲೆ ಹಾಕಿ, ಪಕ್ಕದಲ್ಲಿ ಪ್ರಿಂಟ್ ಸೀರೆಗಳ ನಾಲ್ಕು ಅಂಚು ಇಟ್ಟೆ. ದೇವರು ನಾಲ್ಕೂ ಸಲ ಹೆಗಲ ಮೇಲಿನ ಗೇಣಿನೊಂದಿಗೆ ಎಲ್ಲರನ್ನೂ ಪ್ರಸನ್ನನಾಗಿ ನೋಡುತ್ತಿದ್ದ. ಕೆಳಗೆ ಪ್ರಿಂಟ್ ಸೀರೆಯವನ ಹೂವು, ಮುಗಿದ ಕೈ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಇವನಾ? ಎಷ್ಟು ಭಕ್ತಿ ಅಂತ ಎಲ್ಲರ ಮುಂದ ಹೊಗಳಿದ್ದೆನಲ್ರೋ ಇವನ್ನ! ಫೋಟೋ ಮಸಕು ಬಂದೈತಿ, ಹತ್ರದಿಂದ ತೆಗೀರಿ ಸ್ವಾಮಿ ಅಂತ ಕೇಳ್ತಿದ್ದ. ಕೈ ಮುಗದು ತೆಗೀತಿದ್ದೆ.”

“ದೇವ್ರಿಗೆ ಹೊದಿಸಿದ್ದು ದೇವ್ರs ನೋಡ್ಲಿ,” ಎಂದಳು ಪೋಚಮ್ಮ. “ಇನ್ನ ಮ್ಯಾಲ ಮುಖ ಅಷ್ಟು ತೆಗೀರಿ, ಹೆಗಲು ಬಿಡ್ರಿ.”

ಅದೇ ಠರಾವು ಆಯಿತು. ಎಂಕಪ್ಪನ ಕಾರ್ಡನ್ನು ಅಧ್ಯಕ್ಷರೇ ವೇದಿಕೆ ಇಳಿದು ಹೋಗಿ ಅವನ ಜೇಬಿಗೆ ಹಾಕಿದರು. ಎರಡು ಕೈಯಿಂದ ಹಾಕಿದರು.

ಆ ವಾರವೇ ಝಾನ್ಸಿ ಹೊಸ ಖಾನೆ ಸೇರಿಸಿದಳು. ‘ಯಾರು’ ಎಂಬುದರ ಪಕ್ಕ ‘ಯಾರ ಸಲುವಾಗಿ’. ಎಂಕಪ್ಪನಿಗೆ ಅದು ಹಿಡಿಸಲಿಲ್ಲ. “ಹೆಸರು ಹೇಳಂಗಿಲ್ಲವ್ವ ನಾನು. ಮಷಿನ್‌ಗೂ ಹೇಳಂಗಿಲ್ಲ.”

“ಹೇಳಬ್ಯಾಡ ತಾತಾ. ದಾರದ ಜೋಡಿ ಅವರವರ ಕಾರ್ಡು ಕಟ್ಟಿಸಿಕೊಂಡು ಬಾ. ಇಲ್ಲಿ ಈ ಕ್ಯಾಮರಾಕ್ಕ ತೋರಿಸಿದ್ರ ಸಾಕು. ಪರದೆ ಮ್ಯಾಲ ಚುಕ್ಕಿ ಬರ್ತಾವ, ಹೆಸರು ಬರಂಗಿಲ್ಲ. ಬಾಲಾಗೂ ಕಾಣಂಗಿಲ್ಲ.”

ಎಂಕಪ್ಪ ಬಹಳ ಹೊತ್ತು ಪರದೆಯನ್ನು ನೋಡಿದ. “ಚುಕ್ಕಿ ಆದ್ರ ಅಡ್ಡಿ ಇಲ್ಲ,” ಎಂದ.

ಮುಂದಿನ ಬುಧವಾರ ಅವನು ಬಂದಾಗ ಐದು ಕಾರ್ಡು ತಂದಿದ್ದ. ಕಾರ್ಡುಗಳಿಗೆ ತೂತು ಹೊಡೆದು ದಾರ ಪೋಣಿಸಿದ್ದರು, ಒಂದಕ್ಕೊಂದು ತಾಗಿ ಟಕಟಕ ಎನ್ನುತ್ತಿದ್ದವು. ಐದೂ ಮುಗಿಸಿದೆವು, ಐದು ಸಾಲು ಬಿದ್ದವು. ಪ್ರಿಂಟು ಸುತ್ತಿ ಕೊಟ್ಟೆ. ಅವನು ಏಳಲಿಲ್ಲ.

“ಇನ್ನೊಂದು ಐತೇನು ತಾತಾ?”

ಜೇಬಿನಿಂದ ಮೂವತ್ತೆಂಟನೆಯ ನಂಬರಿನ ಕಾರ್ಡು ತೆಗೆದು ಎರಡೂ ಖಾನೆಗಳಿಗೆ ತೋರಿಸಿದ. ದಾರ ಇರಲಿಲ್ಲ. ಅರವತ್ತೊಂದು ಸಾಲುಗಳಲ್ಲಿ ಒಂದೂ ಅವನದಾಗಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಅವನು ಬಾಗಿ, ತನಗೇನು ಬೇಕೆಂದು ಹೇಳಿದ. ನಾನು ಟೈಪು ಮಾಡಿದೆ. ಒಂದೇ ಒಂದು ಚಿತ್ರ ಬಂತು. ಪ್ರಿಂಟು ಬೇಡವೆಂದ. ನಡುಗುವ ಕೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು, ಮಗ್ಗದ ಮುಂದೆ ಕೂತಂತೆ ನೆಟ್ಟಗೆ ಕೂತು, ಅದನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದ. ನಕ್ಕ. ಧನ್ವಾಡದ ಬಸ್ಸಿನ ಹಾರ್ನು ಕೇಳಿಸಿದ ಮೇಲೇ ಎದ್ದ.

ಅವನು ಹೊರಟ ಮೇಲೆ ಅಧ್ಯಕ್ಷರು ಬಾಗಿಲಲ್ಲಿ ತಲೆ ಹಾಕಿದರು. “ಎಂಕಪ್ಪ ಇಷ್ಟು ಹೊತ್ತು ಏನು ನೋಡಿದ?”

“ನೋಡಿದ್ದು ಅವಂದು, ನಾ ಹೇಳಂಗಿಲ್ರಿ,” ಎಂದೆ.

ಅವರು ಬಾಗಿಲಿನಿಂದ ತಲೆ ಹಿಂದಕ್ಕೆ ತೆಗೆದರು. “ಹಂಗs ಇರಬೇಕು,” ಎಂದು ಗುಡಿಯ ಕಡೆ ನಡೆದರು. ನಾನು ಮುಂದಿನವರನ್ನು ಒಳಗೆ ಕರೆದೆ.